ಮನೆಮನೆಯಲ್ಲಿ ದೀಪ ಹಚ್ಚಿದ ಸಂತ ಜೋಸೆಫ್ ವಾಜ್

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ನಾವು ನಮ್ಮ ಹಿರಿಯರನ್ನು ಕೃತಜ್ಞತೆಯಿಂದ ನೆನೆಯುತ್ತಿದ್ದೇವೆ. ಕಲ್ಲು ಹೊತ್ತವರು, ಕಾಣಿಕೆ ನೀಡಿದವರು, ಗಂಟೆ ಬಾರಿಸಿದವರು, ಹಾಡು ಕಲಿಸಿದವರು, ಹೀಗೆ ಅನೇಕರ ಸೇವೆ ಈ ಗೋಡೆಗಳಲ್ಲಿ ಅಡಗಿದೆ. ಆದರೆ ಈ ಗೋಡೆಗಳೊಳಗೆ ಭಕ್ತರು ಕಾಲಿಡಲಾಗದ ದಿನಗಳೂ ಬಂದುವೆಂಬುದನ್ನು ಶತಮಾನದ ಕಥೆಯಲ್ಲಿ ಬರೆದಿಡದೆ ಇರಲಾಗದು. 2020ನೆಯ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಸಮಸ್ತ ಪ್ರಾರ್ಥನಾ ಮಂದಿರಗಳಂತೆ ನಮ್ಮ ದೇವಾಲಯವೂ ಮುಚ್ಚಿತು. ಆ ವರ್ಷ ಏಪ್ರಿಲ್ 5ರ ಗರಿಗಳ ಭಾನುವಾರ ಗರಿ ಹಿಡಿಯುವ ಕೈಗಳಿರಲಿಲ್ಲ. 10ರ ಶುಭ ಶುಕ್ರವಾರ ಶಿಲುಬೆಗೆ ಮುತ್ತಿಡುವ ಸಾಲು ಇರಲಿಲ್ಲ. 12ರ ಪಾಸ್ಕ ಹಬ್ಬವನ್ನು ನಮ್ಮ ಕುಟುಂಬಗಳು ಮನೆಯ ಶಿಲುಬೆಯ ಮುಂದೆ ಒಂದು ಮೇಣದಬತ್ತಿ ಹಚ್ಚಿ ಆಚರಿಸಿದುವು.

ಅಂದು ಅನೇಕರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿತು. ಗುರುಗಳಿಲ್ಲದೆ, ಬಲಿಪೂಜೆಯಿಲ್ಲದೆ, ಪರಮ ಪ್ರಸಾದವಿಲ್ಲದೆ, ಮನೆಯ ಮೂಲೆಯಲ್ಲಿ ಕುಳಿತು ಮಾಡುವ ಪ್ರಾರ್ಥನೆಗೆ ಎಷ್ಟು ಬೆಲೆ? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ನೀಡಿದ ಮಹಾಪುರುಷರೊಬ್ಬರು ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ಕನ್ನಡ ನಾಡಿನ ಕರಾವಳಿಯಲ್ಲಿ ಬರಿಗಾಲಿನಲ್ಲಿ ನಡೆದಾಡಿದ್ದರು. ಅವರೇ ಸಂತ ಜೋಸೆಫ್ ವಾಜ್.

ನಮ್ಮ ಸೀಮೆಯೂ ವ್ಯಾಧಿಗಳೂ

ಸಾಂಕ್ರಾಮಿಕ ರೋಗವು ನಮ್ಮ ಸೀಮೆಗೆ ಹೊಸದಲ್ಲ. 1898ರಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರನ್ನು ತಲುಪಿತು. ಆ ಹಳಿಗಳು ಹಾದುಹೋಗುವುದು ಅಜ್ಜಂಪುರ, ಬೀರೂರು, ಕಡೂರುಗಳ ಮೂಲಕವೇ. ಆ ಕಾಲದಲ್ಲಿ ಮೈಸೂರು ಸಂಸ್ಥಾನದ ಜನರು ಇಲಿ ಬಿದ್ದಿತೆಂದು ತಿಳಿದೊಡನೆ ಊರು ಬಿಟ್ಟು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಬಾಳಿದರು. ಇಪ್ಪತ್ತು ವರ್ಷಗಳ ನಂತರ, 1918ರಲ್ಲಿ, ಇನ್‌ಫ್ಲುಯೆಂಜಾ ಜ್ವರ ಬಂದು ಮನೆಮನೆಗಳನ್ನು ಬರಿದು ಮಾಡಿತು. ಅಂತಹ ದಿನಗಳಲ್ಲಿ ಗುರುಗಳು ಎಲ್ಲೋ ದೂರದ ಊರಿನಿಂದ ಎಂದೋ ಒಮ್ಮೆ ಬರಬೇಕಾಗಿದ್ದಿತು. ವಿಶ್ವಾಸವನ್ನು ಕಾಯ್ದದ್ದು ಸಂಜೆಯ ಜಪಸರ. ಅದನ್ನು ನಡೆಸಿದವರು ಹೆಚ್ಚಾಗಿ ಮನೆಯ ಅಜ್ಜಿಯರು, ತಾಯಂದಿರು. ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಸಂತರ ಜೀವನವನ್ನು ನೋಡೋಣ.

ಜನನ, ವಿದ್ಯಾಭ್ಯಾಸ, ಗುರುದೀಕ್ಷೆ

ಜೋಸೆಫ್ ವಾಜರು 1651ನೆಯ ಏಪ್ರಿಲ್ 21ರಂದು ಗೋವೆಯ ಬೆಣಾವ್ಲಿ ಎಂಬಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ತಂದೆ ಕ್ರಿಸ್ತೊವಾವ್ ವಾಜ್ ಸಾಂಕ್ವಾಳ ಗ್ರಾಮದವರು; ತಾಯಿ ಮರಿಯ ದೆ ಮಿರಾಂದ. ಇಬ್ಬರೂ ದೈವಭಕ್ತರು. ಮನೆಮಾತು ಕೊಂಕಣಿ. ಸ್ವಗ್ರಾಮದಲ್ಲಿ ಪೋರ್ಚುಗೀಸ್ ಭಾಷೆಯನ್ನೂ ಬೆಣಾವ್ಲಿಯಲ್ಲಿ ಲತೀನ್ ಭಾಷೆಯನ್ನೂ ಕಲಿತ ಬಾಲಕನು ಗೋವಾ ನಗರದಲ್ಲಿ ಜೆಸ್ವಿತರ ಸಂತ ಪೌಲರ ಕಾಲೇಜಿನಲ್ಲಿಯೂ ದೊಮಿನಿಕ್ ಸಭೆಯವರ ವಿದ್ಯಾಲಯದಲ್ಲಿಯೂ ಉನ್ನತ ವ್ಯಾಸಂಗ ಮಾಡಿ, 1676ರಲ್ಲಿ ಗುರುದೀಕ್ಷೆ ಪಡೆದನು. ಮರುವರ್ಷ ಆಗಸ್ಟ್ 5ರಂದು ಅವರು ಮಾತೆ ಮರಿಯಮ್ಮನವರಿಗೆ ತಮ್ಮನ್ನು ದಾಸನನ್ನಾಗಿ ಅರ್ಪಿಸಿಕೊಂಡು ಆ ಅರ್ಪಣೆಯನ್ನು ಪತ್ರದಲ್ಲಿ ಬರೆದಿಟ್ಟರು. ಮುಂದಿನ ಅವರ ಬಾಳೆಲ್ಲ ಆ ಪತ್ರದ ವಿವರಣೆಯೆಂದೇ ಹೇಳಬಹುದು.

ಕನ್ನಡ ಕರಾವಳಿಯಲ್ಲಿ

1681ರಲ್ಲಿ ಗೋವೆಯ ಧರ್ಮಪೀಠವು ಅವರನ್ನು ಕೆನರಾ ಸೀಮೆಗೆ ಕಳುಹಿಸಿತು. ಆಗ ಈ ಕರಾವಳಿಯು ಕೆಳದಿಯ ಅರಸರಿಗೆ ಸೇರಿದ್ದಿತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ನೀಡಿ ಇತಿಹಾಸದಲ್ಲಿ ಹೆಸರಾದ ರಾಣಿ ಚೆನ್ನಮ್ಮನು ಬಿದನೂರಿನಿಂದ ರಾಜ್ಯವಾಳುತ್ತಿದ್ದಳು. ಆ ಬಿದನೂರೇ ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯ ಇಂದಿನ ನಗರ. ಮಂಗಳೂರು, ಕಲ್ಯಾಣಪುರ, ಬಸರೂರು, ಗಂಗೊಳ್ಳಿ, ಹೊನ್ನಾವರಗಳಲ್ಲಿ ಚದುರಿಹೋಗಿದ್ದ ಕ್ರೈಸ್ತರಿಗೆ ಗುರುಗಳ ಅಭಾವ ಬಹಳವಾಗಿದ್ದಿತು. ಅದರ ಮೇಲೆ, ಪೋರ್ಚುಗೀಸ್ ಅರಸರ ಪೋಷಣೆಯಲ್ಲಿದ್ದ ಗೋವಾ ಧರ್ಮಪೀಠಕ್ಕೂ ರೋಮ್ ನೇರವಾಗಿ ನೇಮಿಸಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರಿಗೂ ಅಧಿಕಾರದ ವಿಷಯದಲ್ಲಿ ವಿವಾದವಿದ್ದು, ಜನರು ಎರಡು ಪಂಗಡಗಳಾಗಿದ್ದರು. ತರುಣ ಗುರುವು ವಾದಕ್ಕಿಂತ ವಿನಯವನ್ನೇ ನೆಚ್ಚಿದರು. ಅಧಿಕಾರ ಯಾರದೆಂಬ ಚರ್ಚೆಯಿಂದಾಗಿ ಬಡವರ ಆತ್ಮಗಳಿಗೆ ನಷ್ಟವಾಗಬಾರದೆಂಬುದೇ ಅವರ ಕಳಕಳಿಯಾಗಿದ್ದಿತು.

ಮೂರು ವರ್ಷಗಳಲ್ಲಿ ಅವರು ದೇವಾಲಯಗಳನ್ನು ಕಟ್ಟಿಸಿದರು, ಚಿಕ್ಕ ಶಾಲೆಗಳನ್ನು ತೆರೆದರು. ಎಲ್ಲಕ್ಕಿಂತ ಮಿಗಿಲಾಗಿ, ಗುರುಗಳು ಇಲ್ಲದಿರುವಾಗಲೂ ಭಕ್ತರು ಒಟ್ಟಾಗಿ ಪ್ರಾರ್ಥಿಸುವಂತೆ ಭಕ್ತಸಂಘಗಳನ್ನು ಸ್ಥಾಪಿಸಿದರು. ಗುರುವಿನ ನೆರಳು ಸರಿದೊಡನೆ ಬಾಡಿಹೋಗುವ ವಿಶ್ವಾಸಕ್ಕೆ ಬೇರಿಲ್ಲವೆಂಬುದನ್ನು ಅವರು ಇಲ್ಲಿಯೇ ಕಂಡುಕೊಂಡಿದ್ದರು. ಮುಡಿಪು ಗುಡ್ಡದಲ್ಲಿ ಅವರ ಪ್ರಾರ್ಥನೆಯಿಂದ ನೀರಿನ ಬುಗ್ಗೆಗಳು ಚಿಮ್ಮಿದುವೆಂಬ ಪರಂಪರೆಯಿದೆ. ಅಲ್ಲಿರುವ ಅವರ ಪುಣ್ಯಕ್ಷೇತ್ರಕ್ಕೆ ಇಂದಿಗೂ ಭಕ್ತರು ಹೋಗುತ್ತಾರೆ.

ರಾತ್ರಿಯ ಬಲಿಪೂಜೆಗಳು

1684ರಲ್ಲಿ ಗೋವೆಗೆ ಹಿಂದಿರುಗಿದ ವಾಜರು ಮರುವರ್ಷ ಕೆಲವು ಗೋವಾ ಗುರುಗಳ ಪುಟ್ಟ ಸಮುದಾಯವನ್ನು ಸೇರಿ ಅದನ್ನು ಒರತೋರಿ ಸಭೆಯಾಗಿ ಬೆಳೆಸಿದರು. ಆದರೆ ಅವರ ಮನಸ್ಸು ಸಿಂಹಳ ದ್ವೀಪದ ಕಡೆಗೆ ತಿರುಗಿದ್ದಿತು. 1658ರಲ್ಲಿ ಡಚ್ಚರು ಅಲ್ಲಿಂದ ಪೋರ್ಚುಗೀಸರನ್ನು ಹೊರದೂಡಿ, ತಮ್ಮ ವಶವಾದ ಕರಾವಳಿಯಲ್ಲಿ ಕಥೋಲಿಕ ಪೂಜೆಯನ್ನು ನಿಷೇಧಿಸಿದ್ದರು. ಗುರುಗಳನ್ನು ಓಡಿಸಿದ್ದರು. ಅಲ್ಲಿಯ ಜನರು ಸುಮಾರು ಮೂವತ್ತು ವರ್ಷಗಳಿಂದ ಗುರುಮುಖವನ್ನೇ ಕಂಡಿರಲಿಲ್ಲ. ಆ ದ್ವೀಪದಲ್ಲಿ ಮುಚ್ಚಿದ ಬಾಗಿಲು ತಿಂಗಳುಗಳದ್ದಲ್ಲ, ಒಂದು ತಲೆಮಾರಿನದು.

ವಾಜರು 1686ರಲ್ಲಿ ಗೋವೆಯಿಂದ ಹೊರಟು, ಕೂಲಿಯಾಳಿನ ವೇಷದಲ್ಲಿ, ಜಾನ್ ಎಂಬ ಒಬ್ಬ ನಿಷ್ಠಾವಂತ ಸೇವಕನೊಡನೆ ಮರುವರ್ಷ ಜಾಫ್ನಾ ತಲುಪಿದರು. ಹಾದಿಯಲ್ಲಿಯೇ ಆಮಶಂಕೆಯಿಂದ ಬಳಲಿ ಸಾವಿನ ಸಮೀಪಕ್ಕೆ ಹೋಗಿದ್ದ ಅವರು ಸ್ವಲ್ಪ ಚೇತರಿಸಿಕೊಂಡೊಡನೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಅನ್ನಕ್ಕಾಗಿ ಮಾತ್ರವಲ್ಲ, ಜಪಸರವನ್ನು ಕಂಡು ಯಾರ ಕಣ್ಣು ಮಿನುಗುವುದೋ ಅದು ಕಥೋಲಿಕರ ಮನೆಯೆಂದು ಗುರುತಿಸುವುದಕ್ಕಾಗಿ. ಹೀಗೆ ಒಂದೊಂದೇ ಮನೆಯನ್ನು ಕಂಡುಹಿಡಿದು, ಸಿಲ್ಲಾಲೈ ಎಂಬ ಗ್ರಾಮವನ್ನು ನೆಲೆ ಮಾಡಿಕೊಂಡು, ಹಗಲು ಅಡಗಿದ್ದು ರಾತ್ರಿ ಮನೆಗಳಲ್ಲಿ ಬಲಿಪೂಜೆ ಅರ್ಪಿಸತೊಡಗಿದರು. ಮನೆಯೇ ದೇವಾಲಯ, ಮೇಜೇ ಬಲಿಪೀಠ. ಬೆಳಗಾಗುವ ಮುನ್ನ ಎಲ್ಲವನ್ನೂ ಕಟ್ಟಿಕೊಂಡು ಮುಂದಿನ ಊರಿಗೆ ಪಯಣ.

1689ರ ಕ್ರಿಸ್ತಜಯಂತಿಯ ರಾತ್ರಿ ಡಚ್ ಸೈನಿಕರು ಹೀಗೆ ನೆರೆದಿದ್ದ ಮನೆಗಳ ಮೇಲೆ ಎರಗಿದರು. ವಾಜರು ತಪ್ಪಿಸಿಕೊಂಡರು, ಅನೇಕ ವಿಶ್ವಾಸಿಗಳು ಸೆರೆಯಾಗಿ ಹಿಂಸೆಗೆ ಗುರಿಯಾದರು. ಮನೆಯಲ್ಲಿ ಪ್ರಾರ್ಥಿಸುವುದೆಂದರೆ ಅವರಿಗೆ ಅನುಕೂಲದ ಮಾತಾಗಿರಲಿಲ್ಲವೆಂಬುದನ್ನು ನಾವು ಮರೆಯಬಾರದು.

ಕ್ಯಾಂಡಿಯ ಸೆರೆಮನೆ

ವಾಜರು ಬಳಿಕ ಪುತ್ತಳಂ ಮಾರ್ಗವಾಗಿ ದ್ವೀಪದ ಒಳನಾಡಿಗೆ ತೆರಳಿದರು. 1692ರಲ್ಲಿ ಕ್ಯಾಂಡಿಯ ಅರಸ ಎರಡನೆಯ ವಿಮಲಧರ್ಮಸೂರ್ಯನು, ಇವರು ಪೋರ್ಚುಗೀಸರ ಗೂಢಚಾರರೆಂಬ ಸುಳ್ಳು ದೂರನ್ನು ನಂಬಿ ಸೆರೆಯಲ್ಲಿಟ್ಟನು. ವಾಜರು ಸೆರೆಯ ದಿನಗಳನ್ನೂ ವ್ಯರ್ಥ ಮಾಡಲಿಲ್ಲ. ಸಿಂಹಳ ಭಾಷೆಯನ್ನು ಕಲಿತರು. ಸೆರೆಯ ಆವರಣದಲ್ಲಿ ಒಂದು ಗುಡಿಸಲು ಕಟ್ಟಿ ಬಲಿಪೀಠವನ್ನಿಟ್ಟರು. ಕ್ಯಾಂಡಿಯ ಕಥೋಲಿಕರು ಮೆಲ್ಲಮೆಲ್ಲನೆ ಆ ಗುಡಿಸಲಿಗೆ ಬರತೊಡಗಿದರು. ಅವರು ನಿರಪರಾಧಿಯೆಂಬುದು ಅರಸನಿಗೂ ಕ್ರಮೇಣ ಮನವರಿಕೆಯಾಯಿತು. ಬರಗಾಲದಲ್ಲಿ ಅವರು ಬಯಲಿನಲ್ಲಿ ಬಲಿಪೀಠವನ್ನಿಟ್ಟು ಪ್ರಾರ್ಥಿಸಲು ಮಳೆ ಸುರಿಯಿತೆಂಬ ವೃತ್ತಾಂತವನ್ನು ಸಿಂಹಳದ ಕ್ರೈಸ್ತರು ಇಂದಿಗೂ ಭಕ್ತಿಯಿಂದ ಹೇಳುತ್ತಾರೆ.

ಸಿಡುಬಿನ ವರ್ಷ

1697ರಲ್ಲಿ ಕ್ಯಾಂಡಿ ನಗರಕ್ಕೆ ಸಿಡುಬು ಬಂದಿತು. ಆ ರೋಗಕ್ಕೆ ಅಂದು ಔಷಧವಿರಲಿಲ್ಲ, ಲಸಿಕೆಯಿರಲಿಲ್ಲ. ಅರಸನೂ ಶ್ರೀಮಂತರೂ ನಗರವನ್ನು ತ್ಯಜಿಸಿದರು. ಭಯದಿಂದ ಬುದ್ಧಿ ಕಳೆದುಕೊಂಡ ಜನರು ತಮ್ಮ ಮನೆಯ ರೋಗಿಗಳನ್ನೇ ಕಾಡಿಗೆ ಒಯ್ದು ಬಿಟ್ಟುಬಂದರು. ಸತ್ತವರನ್ನು ಹೂಳುವವರಿರಲಿಲ್ಲ.

ವಾಜರು ನಗರವನ್ನು ಬಿಡಲಿಲ್ಲ. ಗೋವೆಯಿಂದ ಬಂದು ಅವರನ್ನು ಕೂಡಿಕೊಂಡಿದ್ದ, ಅವರ ಬಂಧುವೂ ಆಗಿದ್ದ ಗುರು ಜೋಸೆಫ್ ಕಾರ್ವಾಲೊ ಅವರೊಡನೆ ಬಿಟ್ಟುಹೋದ ರೋಗಿಗಳನ್ನು ಹುಡುಕಿ, ಆಶ್ರಯ ಕಲ್ಪಿಸಿ, ಗಂಜಿ ಉಣಿಸಿ, ಕೀವು ತುಂಬಿದ ಮೈಗಳನ್ನು ತೊಳೆದು, ಶವಗಳಿಗೆ ಮಣ್ಣು ಕೊಟ್ಟರು. ಕ್ರೈಸ್ತನೋ ಬೌದ್ಧನೋ ಎಂದು ನೋಡಲಿಲ್ಲ. ರೋಗವು ಶಮನವಾಗುವವರೆಗೂ ಈ ಸೇವೆ ನಡೆಯಿತು. ಅದನ್ನು ಕಂಡ ಅರಸನು, ಸಾವಿರ ವಾದಗಳಿಂದಲೂ ದೊರೆಯದಿದ್ದ ಧರ್ಮಸ್ವಾತಂತ್ರ್ಯವನ್ನು ತನ್ನ ರಾಜ್ಯದಲ್ಲಿ ಅವರಿಗೆ ಅನುಗ್ರಹಿಸಿದನು.

ಇಲ್ಲಿ ಒಂದು ಸಂದೇಹ ಬರಬಹುದು. ಸಂತರು ರೋಗಿಗಳ ಬಳಿಗೆ ಓಡಿದರಲ್ಲ, ನಾವೇಕೆ 2020ರಲ್ಲಿ ಬಾಗಿಲು ಮುಚ್ಚಿಕೊಂಡೆವು? ರೋಗವು ಒಬ್ಬರಿಂದ ಒಬ್ಬರಿಗೆ ಹೇಗೆ ಹರಡುವುದೆಂಬ ಅರಿವು ಇಂದು ನಮಗಿದೆ. ಗುಂಪು ಸೇರದಿರುವುದು ನೆರೆಯವನ ಪ್ರಾಣವನ್ನು ಕಾಯುವ ಪ್ರೀತಿಯ ಕಾರ್ಯವೇ ಆಗಿದ್ದಿತು. 1576ರಲ್ಲಿ ಮಿಲಾನ್ ನಗರಕ್ಕೆ ಪ್ಲೇಗು ಬಂದಾಗ ಅಲ್ಲಿಯ ಮಹಾಧರ್ಮಾಧ್ಯಕ್ಷ ಸಂತ ಚಾರ್ಲ್ಸ್ ಬೊರೊಮಿಯೊ ಅವರು ಬೀದಿಗಳು ಕೂಡುವಲ್ಲಿ ಬಲಿಪೀಠಗಳನ್ನು ಇರಿಸಿ, ಜನರು ತಮ್ಮ ಕಿಟಕಿ ಬಾಗಿಲುಗಳಿಂದಲೇ ಬಲಿಪೂಜೆಯಲ್ಲಿ ಭಾಗಿಗಳಾಗುವಂತೆ ಮಾಡಿದರು. ತಾವು ಮಾತ್ರ ರೋಗಿಗಳ ನಡುವೆ ಸಂಚರಿಸಿದರು. ಆದ್ದರಿಂದ ದೂರವಿರುವುದು ಬೇರೆ, ಕೈಬಿಡುವುದು ಬೇರೆ. ಮೊದಲನೆಯದನ್ನು ವಿವೇಕವೂ ಪ್ರೀತಿಯೂ ಬೇಡಬಹುದು. ಎರಡನೆಯದನ್ನು ಯಾವ ವ್ಯಾಧಿಯೂ ಸಮರ್ಥಿಸಲಾರದು. ನೆರೆಮನೆಯ ಜಗುಲಿಯ ಮೇಲೆ ಊಟದ ಪಾತ್ರೆಯನ್ನಿಟ್ಟು ಬಂದ ತಾಯಿಯೂ, ಮನೆಯವರನ್ನು ತಿಂಗಳುಗಟ್ಟಲೆ ಅಗಲಿ ರೋಗಿಯ ಹಾಸಿಗೆಯ ಪಕ್ಕ ನಿಂತ ದಾದಿಯೂ ಸಂತರ ಹಾದಿಯಲ್ಲಿಯೇ ನಡೆದವರು. ಅಂದಹಾಗೆ, ಕ್ಯಾಂಡಿಯನ್ನು ನಡುಗಿಸಿದ ಆ ಸಿಡುಬು 1980ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತೆಂದು ಘೋಷಿತವಾಯಿತು. ಮಾನವನ ವಿದ್ಯೆಯ ಮೂಲಕವೂ ದೇವರು ಪ್ರಾರ್ಥನೆಗೆ ಕಿವಿಗೊಡುತ್ತಾರೆ.

ಗುರುವಿಲ್ಲದ ಊರಿನ ಭಾನುವಾರ

ವಾಜರ ಅತ್ಯಂತ ದೂರದೃಷ್ಟಿಯ ಕಾರ್ಯವೆಂದರೆ ಸಾಮಾನ್ಯ ಭಕ್ತರನ್ನು ಸಿದ್ಧಗೊಳಿಸಿದ್ದು. ಒಂದು ದ್ವೀಪಕ್ಕೆ ಬೆರಳೆಣಿಕೆಯ ಗುರುಗಳು ಎಂದಿಗೂ ಸಾಲರೆಂದು ಅವರು ಬಲ್ಲರು. ಆದುದರಿಂದ ಊರೂರಿನಲ್ಲಿ ಮೂಪ್ಪ, ಅಣ್ಣಾವಿ ಎಂದು ಕರೆಯಲ್ಪಡುತ್ತಿದ್ದ ಹಿರಿಯರನ್ನು ಆರಿಸಿ ತರಬೇತಿ ನೀಡಿದರು. ಭಾನುವಾರದ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಧರ್ಮೋಪದೇಶ ಕಲಿಸುವುದು, ಅಪಾಯದಲ್ಲಿರುವ ಶಿಶುವಿಗೆ ಜ್ಞಾನಸ್ನಾನ ಕೊಡುವುದು, ಸಾಯುವವರ ಬಳಿ ಕುಳಿತು ಪ್ರಾರ್ಥಿಸುವುದು ಇವರ ಹೊಣೆ. ಪ್ರಾರ್ಥನೆಗಳು ಜನರ ಬಾಯಲ್ಲಿ ನಿಲ್ಲುವಂತೆ ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿಯೇ ಇದ್ದುವು. 1705ರಲ್ಲಿ ಬಂದ ಗುರು ಜಾಕೊಮೆ ಗೊನ್ಸಾಲ್ವಿಸ್ ಅವರು ಈ ಕಾರ್ಯವನ್ನು ಮುಂದುವರಿಸಿ ಆ ಎರಡು ಭಾಷೆಗಳಲ್ಲಿ ಕ್ರೈಸ್ತ ಸಾಹಿತ್ಯವನ್ನೇ ನಿರ್ಮಿಸಿದರು.

ಧರ್ಮಾಧ್ಯಕ್ಷ ಪದವಿ ತಮ್ಮನ್ನು ಅರಸಿ ಬಂದಾಗ ವಾಜರು ಅದನ್ನು ವಿನಯದಿಂದ ನಿರಾಕರಿಸಿದರು. ನಡೆದು ನಡೆದು ಸವೆದ ಆ ದೇಹವು 1711ನೆಯ ಜನವರಿ 16ರಂದು ಕ್ಯಾಂಡಿಯಲ್ಲಿ ಚಿರವಿಶ್ರಾಂತಿ ಹೊಂದಿತು. ಅವರು ಹಚ್ಚಿದ ಮನೆಮನೆಯ ದೀಪಗಳು ಮಾತ್ರ ಆರಲಿಲ್ಲ. ಡಚ್ಚರ ಆಳ್ವಿಕೆ 1796ರಲ್ಲಿ ಕೊನೆಗೊಂಡಿತು, ವಿಶ್ವಾಸ ಉಳಿಯಿತು. ಜಗದ್ಗುರು ಎರಡನೆಯ ಜಾನ್ ಪೌಲರು 1995ನೆಯ ಜನವರಿ 21ರಂದು ಕೊಲಂಬೊ ನಗರದಲ್ಲಿ ಅವರನ್ನು ಪುನೀತರೆಂದೂ, ಜಗದ್ಗುರು ಫ್ರಾನ್ಸಿಸರು ಅದೇ ನಗರದಲ್ಲಿ 2015ನೆಯ ಜನವರಿ 14ರಂದು ಸಂತರೆಂದೂ ಘೋಷಿಸಿದರು. ಆ ಫ್ರಾನ್ಸಿಸರೇ 2020ನೆಯ ಮಾರ್ಚ್ 27ರ ಸಂಜೆ, ಮಳೆಯಲ್ಲಿ ನೆನೆದ ಬರಿದಾದ ಸಂತ ಪೇತ್ರರ ಚೌಕದಲ್ಲಿ ನಿಂತು, ಮನೆಗಳಲ್ಲಿ ಬಂದಿಯಾಗಿದ್ದ ಲೋಕಕ್ಕಾಗಿ ಪ್ರಾರ್ಥಿಸಿದರು.

ನಮಗೆ ಉಳಿದ ಹೊಣೆ

ಪ್ರಿಯ ವಿಶ್ವಾಸಿಗಳೇ, ಮನೆಯ ಪ್ರಾರ್ಥನೆಯು ಬಲಿಪೂಜೆಗೆ ಬದಲಿಯಲ್ಲ. ಸಿಲ್ಲಾಲೈಯ ಜನರು ಮನೆಯ ಜಪದಲ್ಲಿ ತೃಪ್ತರಾಗಿ ಮಲಗಲಿಲ್ಲ; ಬಲಿಪೂಜೆಗಾಗಿ ಹಸಿದು ಕಾದರು. ಆ ಹಸಿವನ್ನು ಜೀವಂತವಾಗಿಟ್ಟದ್ದೇ ಮನೆಯ ಜಪ. ಎರಡನೆಯ ವ್ಯಾಟಿಕನ್ ಮಹಾಸಭೆಯು ಕುಟುಂಬವನ್ನು ಗೃಹಸಭೆಯೆಂದು ಕರೆದಿರುವುದರ ಅರ್ಥವೂ ಇದೇ. ದೇವಾಲಯವು ಮನೆಯನ್ನು ಪೋಷಿಸುತ್ತದೆ, ಮನೆಯು ದೇವಾಲಯವನ್ನು ತುಂಬುತ್ತದೆ.

2020ರ ಜೂನ್ 8ರಿಂದ ನಮ್ಮ ರಾಜ್ಯದಲ್ಲಿ ಪ್ರಾರ್ಥನಾ ಮಂದಿರಗಳು ಮತ್ತೆ ತೆರೆಯತೊಡಗಿದುವು. ಮರುವರ್ಷದ ಎರಡನೆಯ ಅಲೆಯ ದುಃಖವೂ ಕಳೆಯಿತು. ನಮ್ಮ ಬಾಗಿಲು ತೆರೆದಿದೆ, ಗಂಟೆ ಬಾರಿಸುತ್ತಿದೆ. ಆದರೆ ಆ ದಿನಗಳಲ್ಲಿ ಸಂಜೆ ಏಳಕ್ಕೆ ತಂದೆ ತಾಯಿ ಮಕ್ಕಳು ಒಟ್ಟಿಗೆ ಮೊಣಕಾಲೂರಿದ ಎಷ್ಟು ಮನೆಗಳಲ್ಲಿ ಇಂದಿಗೂ ಆ ಜಪಸರ ಕೇಳಿಬರುತ್ತಿದೆ? ಭಯದಿಂದ ಹಚ್ಚಿದ ದೀಪವನ್ನು ನಿರ್ಭಯದ ಕಾಲದಲ್ಲಿ ಆರಿಸಿಬಿಟ್ಟರೆ, ನಾವು ಕಲಿತದ್ದೇನು? ಹೊಲದ ಗುಡಿಸಲಿನಲ್ಲಿ ಪ್ಲೇಗಿನ ವರ್ಷ ಕಳೆದ ಅಜ್ಜಿಯರು ಆ ದೀಪವನ್ನು ಕೈಯಿಂದ ಕೈಗೆ ದಾಟಿಸದಿದ್ದರೆ ಈ ದೇವಾಲಯಕ್ಕೆ ತಳಪಾಯ ಬೀಳುತ್ತಿರಲಿಲ್ಲ.

ಶತಮಾನೋತ್ಸವದ ಸ್ಮಾರಕವಾಗಿ ನಾವು ಕಲ್ಲಿನ ಫಲಕವನ್ನು ನಿಲ್ಲಿಸುವೆವು. ಅದರೊಡನೆ, ಪ್ರತಿಯೊಂದು ಮನೆಯಲ್ಲಿಯೂ ದಿನಕ್ಕೊಮ್ಮೆ ಕೂಡಿ ಪ್ರಾರ್ಥಿಸುವ ನಿರ್ಧಾರವನ್ನೂ, ಪ್ರಾರ್ಥನೆ ಮುಗಿದ ಮೇಲೆ ನೆರೆಯ ರೋಗಿಯೊಬ್ಬರನ್ನು ವಿಚಾರಿಸುವ ರೂಢಿಯನ್ನೂ ಸ್ಥಾಪಿಸೋಣ. ಜಪಸರವನ್ನು ಕೊರಳಿಗೆ ಹಾಕಿಕೊಂಡು ಮನೆಮನೆಯ ಬಾಗಿಲು ತಟ್ಟಿದ ಆ ಸಂತರು ಇಂದು ನಮ್ಮ ಬೀದಿಗೆ ಬಂದರೆ, ಇದು ಪ್ರಾರ್ಥಿಸುವವರ ಮನೆಯೆಂದು ಗುರುತಿಸುವಂತಾಗಲಿ. ಸಂತ ಜೋಸೆಫ್ ವಾಜರ ಬಿನ್ನಹದಿಂದ ಪ್ರಭು ಯೇಸುಕ್ರಿಸ್ತರು ನಮ್ಮ ಧರ್ಮಕೇಂದ್ರದ ಸಕಲ ಕುಟುಂಬಗಳನ್ನೂ ಆಶೀರ್ವದಿಸಲಿ.