ಜೋಳದ ಮಿಡತೆಯೂ ಡಾಕ್ಟರ್ ಕೋಲ್ಮನ್ನರೂ

ಮುಂಗಾರಿನ ಹದಮಳೆ ಬಿದ್ದ ಮೇಲೆ ಮಾನ್ವಿ, ದೇವದುರ್ಗಗಳ ಒಣಹೊಲಗಳಲ್ಲಿ ನಡೆದಾಡಿದವರಿಗೆ ಮಿಡತೆಯ ಕಾಟ ಹೊಸದಲ್ಲ. ಮಿಡತೆಗಳಲ್ಲಿ ರೆಕ್ಕೆಯಿಲ್ಲದ ಒಂದು ಜಾತಿಯುಂಟು. ದಖನ್ನಿನ ಜೋಳದ ಸೀಮೆಯೇ ಅದರ ತವರು. ಶಾಸ್ತ್ರಗ್ರಂಥಗಳಲ್ಲಿ ಅದರ ಹೆಸರು ಕೋಲ್ಮೇನಿಯ. 1910ರಲ್ಲಿ ಸ್ಪೇನ್ ದೇಶದ ಕೀಟಶಾಸ್ತ್ರಜ್ಞ ಬೊಲಿವಾರರು ಇಟ್ಟ ಹೆಸರಿದು. ಒಬ್ಬ ಮಹನೀಯರ ನೆನಪಿಗೆ ಜೋಳ ತಿನ್ನುವ ಹುಳುವೇ ಬೇಕಾಗಿತ್ತೇ ಎಂದು ವಾಚಕರು ನಗಬಹುದು. ನಾನೂ ಮೊದಲು ನಕ್ಕವನೇ.

ಲೆಸ್ಲಿ ಕೋಲ್ಮನ್ನರು ಹುಟ್ಟಿದುದು 1878ರಲ್ಲಿ, ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಓದಿ, ಜರ್ಮನಿಯ ಗಟ್ಟಿಂಗೆನ್ನಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಬೆಳೆಗಳಿಗೆ ತಗಲುವ ಬೂಷ್ಟುರೋಗಗಳನ್ನೂ ಕೀಟಗಳನ್ನೂ ಅಭ್ಯಾಸ ಮಾಡುವುದು ಅವರ ಪಾಲಿಗೆ ಬಂದ ಕೆಲಸ. ಆಗ ಅವರಿಗೆ ವಯಸ್ಸು ಮೂವತ್ತು.

ಅವರು ಬಂದ ಕೆಲವೇ ದಿನಗಳಲ್ಲಿ ಕೈಗೆತ್ತಿಕೊಂಡ ವಿಷಯಗಳಲ್ಲಿ ಈ ಮಿಡತೆಯೂ ಒಂದು. ಸಹಾಯಕರಾಗಿದ್ದ ಕುಂಞಿಕಣ್ಣನ್ ಎಂಬುವರೊಡನೆ ಅದರ ಜೀವನಕ್ರಮವನ್ನು ಪರೀಕ್ಷಿಸಿ, 1911ರಲ್ಲಿ ಒಂದು ಪುಸ್ತಿಕೆಯನ್ನು ಪ್ರಕಟಿಸಿದರು. ಈ ಮಿಡತೆ ವರ್ಷಕ್ಕೊಂದೇ ಪೀಳಿಗೆ ಬೆಳೆಯುತ್ತದೆ. ಮಣ್ಣಿನೊಳಗೆ ಇಟ್ಟ ಮೊಟ್ಟೆಗಳು ಬೇಸಗೆಯ ಉರಿಬಿಸಿಲನ್ನೆಲ್ಲ ಅಲ್ಲಿಯೇ ಕಳೆದು, ಮಳೆ ಬಿದ್ದ ಮೇಲೆ ಒಡೆಯುತ್ತವೆ. ಅಂದಮೇಲೆ ರೈತನಿಗೆ ಅವಕಾಶವೂ ಅಲ್ಲಿಯೇ ಇದೆ. ಬೆಳೆ ತೆಗೆದ ಹೊಲವನ್ನು ಉತ್ತರೆ ಮೊಟ್ಟೆ ಮೇಲೆ ಬಂದು ಬಿಸಿಲಿಗೂ ಹಕ್ಕಿಗಳಿಗೂ ಈಡಾಗುತ್ತದೆ. ಮರಿ ಎದ್ದರೂ ರೆಕ್ಕೆಯಿಲ್ಲದ್ದರಿಂದ ಅದು ದೂರ ಹಾರದು. ಚೀಲದ ಬಲೆ ಎಳೆದು ಹಿಡಿಯಬಹುದು. ಆದರೆ ಒಬ್ಬನು ಉತ್ತು, ಪಕ್ಕದವನು ಬೀಳುಬಿಟ್ಟರೆ ಉತ್ತವನ ದುಡಿಮೆ ವ್ಯರ್ಥ. ಊರಿಗೆ ಊರೇ ಒಟ್ಟಾಗಬೇಕು. ಕಾಸು ಖರ್ಚಿನ ಮದ್ದಿಗಿಂತ ಇದು ಎಷ್ಟೋ ಕಠಿಣವೆಂಬುದು ಹಳ್ಳಿಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ.

ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣಗಳ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದವರೂ ಇವರೇ. 1913ರಲ್ಲಿ ವ್ಯವಸಾಯ ಇಲಾಖೆಯ ಡೈರೆಕ್ಟರರಾದರು. ಅದೇ ವರ್ಷ ಹೆಬ್ಬಾಳದಲ್ಲಿ ರಾಗಿಯ ತಳಿಶೋಧನೆ ಆರಂಭವಾಗಿ, 1918ರಲ್ಲಿ ಹೆಚ್-22 ಎಂಬ ತಳಿ ರೈತರ ಕೈಸೇರಿತು. ಮಳೆಯನ್ನೇ ನಂಬಿದ ಬಡವರ ಧಾನ್ಯಕ್ಕೆ ಆ ಕಾಲದಲ್ಲಿ ಒಬ್ಬ ವಿಜ್ಞಾನಿ ಮನಸ್ಸು ಕೊಟ್ಟುದು ಸಣ್ಣ ಮಾತಲ್ಲ. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಆರಂಭವಾದುದೂ ಅವರ ಕಾಲದಲ್ಲಿಯೇ.

ಇಷ್ಟು ಹೇಳಿ ಒಂದು ಆಕ್ಷೇಪವನ್ನೂ ಹೇಳದಿದ್ದರೆ ನ್ಯಾಯವಾಗದು. ಅವರ ಸೇವೆಯ ಕೊನೆಯ ವರ್ಷಗಳು ನೀರಿನ ಕಡೆಗೆ ಹರಿದವು. ಕನ್ನಂಬಾಡಿಯ ಕಾಲುವೆ ಮಂಡ್ಯಕ್ಕೆ ಬಂದಿತು. 1933ರಲ್ಲಿ ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು. ಎರಡರ ಹಿಂದೆಯೂ ಕೋಲ್ಮನ್ನರ ಶ್ರಮವಿದೆ. ಮಂಡ್ಯದವರು ಅವರನ್ನು ಕಬ್ಬಿನಿಂದಲೇ ನೆನೆಯುತ್ತಾರೆ. ಒಣಹೊಲದ ಮಿಡತೆಯ ಪುಸ್ತಿಕೆಯನ್ನು ನೆನೆಯುವವರು ಯಾರು?

ನಮ್ಮ ಜಿಲ್ಲೆ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಒಣಬೇಸಾಯದ ಸಂಶೋಧನೆಗೆಂದು 1930ರ ದಶಕದಲ್ಲಿ ಇಡೀ ದೇಶದಲ್ಲಿ ಆರಿಸಿದ ಐದು ಕೇಂದ್ರಗಳಲ್ಲಿ ರಾಯಚೂರೂ ಒಂದು. ಸೊಲ್ಲಾಪುರ, ಬಿಜಾಪುರ, ಹಗರಿ, ರೋಹತಕ್ ಉಳಿದ ನಾಲ್ಕು. ಒಡ್ಡು ಹಾಕುವುದು, ಆಳವಾಗಿ ಉಳುವುದು, ಸಾಲಿನ ಅಂತರ ಹೆಚ್ಚಿಸಿ ಬೀಜ ಕಡಿಮೆ ಮಾಡುವುದು, ಪದೇ ಪದೇ ಎಡೆ ಹೊಡೆಯುವುದು, ಇವು ಆ ಯೋಜನೆಯಿಂದ ಹೊರಬಂದ ಮಾತುಗಳು. ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಹಿಡಿಯುವುದೇ ಅವುಗಳ ತಿರುಳು. ಮುಂದೆ ತುಂಗಭದ್ರೆಯ ಎಡದಂಡೆ ಕಾಲುವೆ ಮಾನ್ವಿಗೆ ಬಂದಿತು, ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗಕ್ಕೆ ಬಂದಿತು. ಭತ್ತ ಹಸಿರಾಯಿತು, ತುಂಗಭದ್ರೆಯ ಅಚ್ಚುಕಟ್ಟಿನ ಕೆಲವು ಎರೆಹೊಲಗಳಲ್ಲಿ ನೀರು ನಿಂತು ಸವುಳೂ ಎದ್ದಿತು. ಕಾಲುವೆ ಹತ್ತದ ಹೊಲಗಳು ಮಾತ್ರ ಇಂದಿಗೂ ಆಕಾಶವನ್ನೇ ನೋಡುತ್ತಿವೆ.

ಕೋಲ್ಮನ್ನರು 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಅಲ್ಲಿಯೂ ಸೂಕ್ಷ್ಮದರ್ಶಕವನ್ನು ಬಿಡಲಿಲ್ಲ. ಸಸ್ಯಕೋಶಗಳ ಅಭ್ಯಾಸದಲ್ಲಿ ತೊಡಗಿದರು. 1954ರಲ್ಲಿ ತೀರಿಕೊಂಡರು.