ತೊಟ್ಟಿ ಕವುಚಿಸಿದ ವೈದ್ಯ ರೊನಾಲ್ಡ್ ರಾಸ್

ಮುಸ್ಸಂಜೆ ಕೆಂಡಕ್ಕೆ ಲಕ್ಕಿಸೊಪ್ಪು, ಬೇವಿನೆಲೆ ಹಾಕಿ ಹೊಗೆಯೆಬ್ಬಿಸುವುದು ನಮ್ಮ ಹಿರಿಯರ ಪದ್ಧತಿ. ಹೊಗೆಗೆ ಸೊಳ್ಳೆ ಓಡುವುದು ನಿಜ. ಹೊಗೆ ಆರಿದೊಡನೆ ಮರಳುವುದೂ ನಿಜವೇ. ಅದನ್ನು ಹುಟ್ಟುವಲ್ಲೇ ತಡೆಯಬೇಕೆಂದು ಜೀವಮಾನವಿಡೀ ಹೆಣಗಿದವರು ಡಾ. ರೊನಾಲ್ಡ್ ರಾಸ್.

1857ರಲ್ಲಿ ಅಲ್ಮೋರಾದಲ್ಲಿ ಜನಿಸಿದ ಈ ಸೇನಾವೈದ್ಯರು 1883ರಲ್ಲಿ ಬೆಂಗಳೂರಿಗೆ ಬಂದರು. ಬಿಡಾರದಲ್ಲಿ ವಿಪರೀತ ಸೊಳ್ಳೆ. ನೋಡಿದರೆ, ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಕುಣಿಯುತ್ತಿದ್ದವು. ತೊಟ್ಟಿಯನ್ನು ಕವುಚಿಸಿದರು, ಕಾಟ ನಿಂತಿತು. (ಮಳೆಗಾಲದಲ್ಲಿ ನಮ್ಮ ತೋಟದ ಅಡಿಕೆ ಹಾಳೆ, ತೆಂಗಿನ ಗೆರಟೆಗಳೂ ಇಂಥ ತೊಟ್ಟಿಗಳೇ. ಡೆಂಗ್ಯೂ ಸೊಳ್ಳೆಗೆ ಅಷ್ಟು ನೀರು ಸಾಕು.) ಅಧಿಕಾರಿಗಳ ಊಟದ ಮನೆಯಲ್ಲೂ ಹಾಗೆಯೇ ಮಾಡಿಸೋಣವೆಂದರೆ ಸಂಬಂಧಪಟ್ಟವರು ಒಪ್ಪಲಿಲ್ಲ. ಸೊಳ್ಳೆಗೂ ಮಲೇರಿಯಕ್ಕೂ ನಂಟಿದೆಯೆಂದು ಆಗ ರಾಸರಿಗೂ ಗೊತ್ತಿರಲಿಲ್ಲವೆನ್ನಿ.

1897ರ ಬೇಸಗೆಯಲ್ಲಿ ರಜೆ ಪಡೆದು ಉದಕಮಂಡಲಕ್ಕೆ ಹೋದರು. ನೀಲಗಿರಿ 1868ರ ವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಕನ್ನಡಕ್ಕೆ ತೀರಾ ಹತ್ತಿರದ ಮಾತನ್ನಾಡುವ ಬಡಗರ ನಾಡು ಅದು. ಅಲ್ಲಿನ ಸೀಗೂರು ಘಾಟಿಗೆ ಮಲೇರಿಯದ ಶೋಧಕ್ಕಿಳಿದ ರಾಸರನ್ನು ಮಲೇರಿಯವೇ ಹಿಡಿಯಿತು! ಅದೇ ನೀಲಗಿರಿಯಲ್ಲಿ ಬೆಳೆಸುತ್ತಿದ್ದ ಸಿಂಕೋನಾ ಮರದ ತೊಗಟೆಯಿಂದ ತೆಗೆಯುವ ಕ್ವಿನೈನ್ ಆಗಿನ ಮುಖ್ಯ ಮದ್ದು. ಗುಣವಾದ ಮೇಲೆ ಸಿಕಂದರಾಬಾದಿಗೆ ಮರಳಿ, ಆ ವರ್ಷದ ಆಗಸ್ಟ್ 20ರಂದು ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ರೋಗಾಣುವನ್ನು ಕಂಡರು. ಮರುವರ್ಷ ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯ ಸೊಳ್ಳೆಕಡಿತದಿಂದಲೇ ಹರಡುವುದೆಂದು ತೋರಿಸಿದರು.

1902ರಲ್ಲಿ ನೊಬೆಲ್ ಬಹುಮಾನ ಬಂತು. ಅವರೇನೂ ವಿಶ್ರಮಿಸಲಿಲ್ಲ. ಈಜಿಪ್ಟಿನ ಇಸ್ಮಾಯಿಲಿಯಾ, ಮಾರಿಷಸ್ ಮುಂತಾದೆಡೆಗಳಿಗೆ ಹೋಗಿ, ನಿಂತ ನೀರನ್ನು ತೆರವುಮಾಡುವ ಕ್ರಮ ತಿಳಿಸಿಕೊಟ್ಟರು. 1932ರ ಸೆಪ್ಟೆಂಬರ್ 16ರಂದು ಲಂಡನಿನಲ್ಲಿ ತೀರಿಕೊಂಡರು.