ದಿವಾನಗಿರಿ ಬಿಟ್ಟ ಮೇಲಿನ 43 ವರ್ಷ

ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಪೇಟ ತೊಟ್ಟ ಆ ಫೋಟೋಗೆ ಹಾರ ಹಾಕ್ತೀವಿ, ಕನ್ನಂಬಾಡಿ ಕಟ್ಟೆ ಅಂತೀವಿ, ಎರಡು ಭಾಷಣ ಕೇಳಿ ಸ್ವೀಟ್ ತಿಂದು ಹಾಸ್ಟೆಲ್‌ಗೆ ಹೋಗ್ತೀವಿ. ಸರ್ ಎಂ. ವಿಶ್ವೇಶ್ವರಯ್ಯನವರು ಎರಡು ಸಲ ದೊಡ್ಡ ಕೆಲಸ ಬಿಟ್ಟು ಹೊರಬಂದವರು ಅನ್ನೋ ಮಾತು ಆ ಭಾಷಣಗಳಲ್ಲಿ ಬರೋದು ಕಡಿಮೆ. ಲೇಆಫ್ ಸುದ್ದಿ ಕೇಳಿ ಕೇಳಿ, ಪ್ಲೇಸ್‌ಮೆಂಟ್ ಆಗುವ ಮೊದಲೇ ಕೆಲಸ ಹೋಗುವ ಚಿಂತೆ ಹತ್ತಿಸಿಕೊಂಡಿರುವ ನಮಗೆ ಬೇಕಾಗಿರೋದು ಆ ಭಾಗವೇ.

ಮುದ್ದೇನಹಳ್ಳಿಯ ಹುಡುಗ, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಪುಣೆಯ ಸೈನ್ಸ್ ಕಾಲೇಜು. ಇದೆಲ್ಲ ಗೊತ್ತಿರೋದೇ. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಖಡಕ್‌ವಾಸ್ಲಾ ಜಲಾಶಯಕ್ಕೆ ನೀರು ಏರಿದಾಗ ತಾನಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ರೂಪಿಸಿದರು; ಏಡನ್‌ವರೆಗೂ ಹೋಗಿ ಕುಡಿಯುವ ನೀರು, ಚರಂಡಿ ಯೋಜನೆ ಮಾಡಿಕೊಟ್ಟರು. ಹೆಸರು ಬಂತು. ಆದರೆ ಚೀಫ್ ಎಂಜಿನಿಯರ್ ಕುರ್ಚಿ ತಮ್ಮ ಪಾಲಿಗೆ ಬರೋದಿಲ್ಲ ಅನ್ನೋದೂ ಗೊತ್ತಾಯ್ತು. ಮೇಲೆ ಸೀನಿಯಾರಿಟಿಯ ಉದ್ದ ಸಾಲಿತ್ತು, ಅದು ಬ್ರಿಟಿಷರ ಇಲಾಖೆ ಬೇರೆ. 1908ರಲ್ಲಿ ನಿವೃತ್ತಿ ಕೇಳಿಕೊಂಡರು.

ಇಲ್ಲಿ ಒಂದು ಸಣ್ಣ ಲೆಕ್ಕ ನೋಡಿ. ಪೂರ್ಣ ಪಿಂಚಣಿಗೆ 25 ವರ್ಷ ಸೇವೆ ಆಗಬೇಕಿತ್ತು, ಇವರಿಗೆ ಅಷ್ಟು ತುಂಬಿರಲಿಲ್ಲ. ಇನ್ನು ಸ್ವಲ್ಪ ದಿನ ಸುಮ್ಮನೆ ಕೂತಿದ್ದರೆ ಹಕ್ಕಿನಿಂದಲೇ ಬರುತ್ತಿತ್ತು. ಕೂರಲಿಲ್ಲ. ಸರ್ಕಾರ ವಿಶೇಷ ಪ್ರಕರಣ ಅಂತ ಪಿಂಚಣಿ ಕೊಟ್ಟಿತು. ಹಾಗಂತ ಇದನ್ನು ಹುಚ್ಚು ಧೈರ್ಯ ಅಂತ ನಾವು ಹೇಳೋದಿಲ್ಲ. ಕೈಯಲ್ಲಿ ವಿದ್ಯೆಯಿತ್ತು, ಹೊರಗೂ ಗುರುತಿತ್ತು, ಹೆಂಡತಿ ಮಕ್ಕಳ ಹೊಣೆ ಇರಲಿಲ್ಲ. ಹೋಮ್ ಲೋನ್ ಇಎಂಐ ತಲೆ ಮೇಲಿರುವವರು ಅವರ ಹಾಗೆ ರಾಜೀನಾಮೆ ಬರೆಯೋಕಾಗಲ್ಲ, ಅದನ್ನು ಒಪ್ಪಿಕೊಂಡೇ ಓದಬೇಕು.

ಕೆಲಸ ಬಿಟ್ಟವರು ಮನೆಯಲ್ಲಿ ಕೂರದೆ ವಿದೇಶ ಪ್ರವಾಸ ಹೊರಟರು. ಅಲ್ಲಿದ್ದಾಗಲೇ, ಸೆಪ್ಟೆಂಬರ್ 1908ರಲ್ಲಿ, ಮೂಸಿ ನದಿ ಉಕ್ಕಿ ಹೈದರಾಬಾದನ್ನು ಮುಳುಗಿಸಿತು. ನಿಜಾಮರ ಸರ್ಕಾರದಿಂದ ಕರೆ ಬಂತು. ತಕ್ಷಣ ಓಡಿ ಬರಲಿಲ್ಲ, ಪ್ರವಾಸ ಮುಗಿಸಿಕೊಂಡೇ 1909ರಲ್ಲಿ ಬಂದರು. (ನಮಗಿಷ್ಟವಾದದ್ದು ಇದೇ!) ಪ್ರವಾಹ ತಡೆಯುವ ಅವರ ಯೋಜನೆಯಿಂದಲೇ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆದವು. ಅದೇ ವರ್ಷ ಮೈಸೂರಿನ ಚೀಫ್ ಎಂಜಿನಿಯರ್, 1912ರಲ್ಲಿ ದಿವಾನ್. ಬ್ಯಾಂಕು, ವಿಶ್ವವಿದ್ಯಾಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಎಲ್ಲ ಬಂದದ್ದು ಈ ಆರು ವರ್ಷದಲ್ಲೇ.

1918ರ ಕೊನೆಗೆ ಎರಡನೇ ಸಲ ಹೊರಬಂದರು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಬಗ್ಗೆ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದ್ದರು. ಅರ್ಹತೆಯೊಂದನ್ನೇ ನೋಡಬೇಕೆನ್ನುವ ದಿವಾನರಿಗೆ ಅದು ಸರಿಬರಲಿಲ್ಲ. ಈ ವಿಷಯದಲ್ಲಿ ನಾವು ಮಹಾರಾಜರ ಕಡೆ. ಆದರೂ ಒಪ್ಪದ ನೀತಿಯನ್ನು ಕುರ್ಚಿಗಾಗಿ ನಡೆಸಿಕೊಂಡು ಹೋಗದೆ ಎದ್ದು ಹೋದರಲ್ಲ, ಅದನ್ನು ಮೆಚ್ಚದೆ ಇರೋದು ಹೇಗೆ?

ಮುಂಬಯಿಯ ಕೆಲಸ, ಮೈಸೂರಿನ ಕೆಲಸ ಎಲ್ಲ ಕೂಡಿಸಿದರೆ ಸುಮಾರು 33 ವರ್ಷ. ದಿವಾನಗಿರಿ ಬಿಟ್ಟ ಮೇಲೆ ಬದುಕಿದ್ದು 43 ವರ್ಷ! 1923ರಿಂದ ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಎತ್ತಲು ಹೆಣಗಿದರು. ಆ ಕೆಲಸಕ್ಕೆ ಬರಬೇಕಿದ್ದ ಸಂಭಾವನೆಯನ್ನು ತಾವು ಇಟ್ಟುಕೊಳ್ಳದೆ ಬೆಂಗಳೂರಿನಲ್ಲಿ ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟರು. ಅದೇ ಇವತ್ತಿನ ಎಸ್‌ಜೆ ಪಾಲಿಟೆಕ್ನಿಕ್. ಟಾಟಾ ಸ್ಟೀಲ್ ನಿರ್ದೇಶಕ ಮಂಡಳಿಯಲ್ಲಿ ಕೂತರು. 1934ರಲ್ಲಿ ದೇಶಕ್ಕೊಂದು ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದರು.

1951ರಲ್ಲಿ ತಮ್ಮ ಕೆಲಸದ ಬದುಕಿನ ನೆನಪುಗಳನ್ನು ಪುಸ್ತಕ ಮಾಡಿದರು. ಅಲ್ಲಿಗೆ ಮುಗೀತು ಅಂದುಕೊಂಡರೆ, 90 ದಾಟಿದ ಆ ಮನುಷ್ಯ ಬಿಹಾರಕ್ಕೆ ಹೋಗಿ, ಗಂಗಾನದಿಗೆ ಸೇತುವೆ ಎಲ್ಲಿ ಹಾಕಬೇಕು ಅಂತ ಜಾಗ ನೋಡ್ತಾ ಇದ್ದರು. ಮೊಕಾಮಾ ಬಳಿಯ ಆ ಸೇತುವೆ 1959ರಲ್ಲಿ ಸಂಚಾರಕ್ಕೆ ತೆರೆಯಿತು. ಆಗಲೂ ಅವರು ಬದುಕಿದ್ದರು.